ಇಬ್ಬರು ಲೆಫ್ಟ್ ಬ್ಯಾಕ್, ಒಂದೇ ಜಾಗ: ಸ್ಟೀವ್ ಕ್ಲಾರ್ಕ್ ಸೂತ್ರವನ್ನು ನಾನು ಕಲಿಸುವ ಬಗೆ

ಫುಟ್‌ಬಾಲ್ ತಂಡದ ಒಳ್ಳೆಯ ಆಟಗಾರರಿಬ್ಬರೂ ಲೆಫ್ಟ್ ಬ್ಯಾಕ್‌ಗಳಾದರೆ, ಅಂದರೆ ಎಡಬದಿ ಕಾಯುವವರಾದರೆ, ಒಬ್ಬರು ಬೆಂಚಿಗೆ ಹೋಗಬೇಕು, ಸಾಮಾನ್ಯ ಲೆಕ್ಕ ಇದು. 2019ರಲ್ಲಿ ಸ್ಕಾಟ್ಲೆಂಡ್ ಕೋಚ್ ಆದ ಕ್ಲಾರ್ಕ್ ಈ ಲೆಕ್ಕ ಒಪ್ಪಲಿಲ್ಲ. ಹಿಂದೆ ಮೂವರು ಸೆಂಟರ್ ಬ್ಯಾಕ್‌ಗಳನ್ನು (ಗೋಲಿನ ಮುಂದೆ ನಡುವನ್ನು ಕಾಯುವವರು) ನಿಲ್ಲಿಸಿ, ಆಂಡಿ ರಾಬರ್ಟ್‌ಸನ್ ಅವರನ್ನು ಎಡ ವಿಂಗ್ ಬ್ಯಾಕ್ (ಗೆರೆಯುದ್ದಕ್ಕೂ ಓಡಿ ತಡೆಯುವ, ದಾಳಿಗೂ ಹೋಗುವ ಆಟಗಾರ) ಮಾಡಿ, ಕೀರನ್ ಟಿಯರ್ನಿ ಅವರನ್ನು ಆ ಮೂವರ ಎಡತುದಿಗೆ ತಂದರು.

ಕ್ಲಾರ್ಕ್ ಸ್ವತಃ ರೈಟ್ ಬ್ಯಾಕ್. ಸ್ಕಾಟ್ಲೆಂಡಿನ ಸೇಂಟ್ ಮಿರನ್ ಕ್ಲಬ್‌ನಿಂದ 1987ರಲ್ಲಿ ಲಂಡನ್ನಿನ ಚೆಲ್ಸಿಗೆ ಹೋಗಿ 421 ಪಂದ್ಯ ಆಡಿದವರು. ಅದೇ ಚೆಲ್ಸಿಯಲ್ಲಿ ಕೋಚ್ ಮೊರಿನ್ಯೊ ಅವರಿಗೆ ಕ್ಲಾರ್ಕ್ ಸಹಾಯಕರಾಗಿದ್ದ 2004-05ರಲ್ಲಿ ತಂಡ 38 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 15 ಗೋಲು. ಸ್ಕಾಟ್ಲೆಂಡ್ ಲೀಗ್ ಪಟ್ಟಿಯ ತಳದಲ್ಲಿದ್ದ ಕಿಲ್ಮಾರ್ನಾಕ್ ತಂಡವನ್ನು 2017ರ ಅಕ್ಟೋಬರ್‌ನಲ್ಲಿ ವಹಿಸಿಕೊಂಡರು. ಆ ಋತುವಿನಲ್ಲೇ ಐದನೇ ಸ್ಥಾನ, ಮರು ಋತುವಿನಲ್ಲಿ 67 ಅಂಕ, ಮೂರನೇ ಸ್ಥಾನ. ಗೆರೆಯಂಚಿನಲ್ಲಿ ಆಡಿದವರಿಗೆ ಅಲ್ಲಿ ಯಾವ ಸಂದು ತೆರೆದುಕೊಳ್ಳುತ್ತದೆ ಅನ್ನುವುದು ಕಾಲಿಗೇ ಗೊತ್ತಿರುತ್ತದೆ.

ಹದಿನಾರರ ಆಸುಪಾಸಿನ ಹುಡುಗರಿಗೆ ಇದನ್ನು ಕಲಿಸುವಾಗ ಮೊದಲ ಹತ್ತು ನಿಮಿಷ ಯಾರೂ ಚೆಂಡು ಒದೆಯುವಂತಿಲ್ಲ. ಅರ್ಧ ಮೈದಾನದಲ್ಲಿ ನಾನೇ ಚೆಂಡು ಕೈಯಲ್ಲಿ ಹಿಡಿದು ನಡೆಯುತ್ತೇನೆ, ಹಿಂದಿನ ಐವರು (ಮೂವರು ಸೆಂಟರ್ ಬ್ಯಾಕ್, ಇಬ್ಬರು ವಿಂಗ್ ಬ್ಯಾಕ್) ಅದಕ್ಕೆ ತಕ್ಕಂತೆ ಸರಿಯಬೇಕು. ಚೆಂಡು ನಡುವಿದ್ದರೆ ಮೂವರು ಸೆಂಟರ್ ಬ್ಯಾಕ್‌ಗಳ ನಡುವೆ 10–12 ಮೀಟರ್. ಎಡಗೆರೆಗೆ ಬಂದರೆ ಎಡ ವಿಂಗ್ ಬ್ಯಾಕ್ ಅದರತ್ತ ಮುನ್ನುಗ್ಗುತ್ತಾನೆ, ಎಡ ಸೆಂಟರ್ ಬ್ಯಾಕ್ ಅವನಿಗಿಂತ 6–8 ಮೀಟರ್ ಹಿಂದೆ, ಸ್ವಲ್ಪ ಒಳಗೆ ನಿಲ್ಲುತ್ತಾನೆ. ನಡುವಿನವನು ಹತ್ತಿರದ ಗೋಲ್‌ಕಂಬದ ನೇರಕ್ಕೆ, ಬಲದವನು ಪೆನಾಲ್ಟಿ ಚುಕ್ಕೆಯ ನೇರಕ್ಕೆ, ಬಲ ವಿಂಗ್ ಬ್ಯಾಕ್ ಒಳಕ್ಕೆ.

ಆಮೇಲೆ ನಿಜವಾದ ಆಟ: ದಾಳಿಗೆ ಆರು ಜನ, ತಡೆಯಲು ಐವರು ಮತ್ತು ಇಬ್ಬರು ಮಿಡ್‌ಫೀಲ್ಡರ್‌ಗಳು. ನಾಲ್ಕು ನಿಮಿಷದ ಐದು ಸುತ್ತು, ನಡುವೆ ಒಂದೂವರೆ ನಿಮಿಷ ಬಿಡುವು. ವಿಂಗ್ ಬ್ಯಾಕ್ ಮತ್ತು ಎಡ ಸೆಂಟರ್ ಬ್ಯಾಕ್ ನಡುವಿನ ಸಂದಿನಿಂದ ಬಂದ ಗೋಲಿಗೆ ಎರಡು ಅಂಕ. ಈ ಆಮಿಷ ಇಲ್ಲದಿದ್ದರೆ ದಾಳಿಯವರು ಆ ಜಾಗವನ್ನು ಹುಡುಕುವುದೇ ಇಲ್ಲ.

ಹೆಚ್ಚು ಎಡವುವುದು ಎಡ ಸೆಂಟರ್ ಬ್ಯಾಕ್. ವಿಂಗ್ ಬ್ಯಾಕ್ ಮುಂದೆ ಹೋಗಿರುವಾಗ ಚೆಂಡು ಕೈತಪ್ಪಿದರೆ ಇವನು ಗಾಬರಿಯಿಂದ ಗೆರೆಯತ್ತ ಓಡುತ್ತಾನೆ. ಹಿಂದೆ ಬಾಗಿಲು ತೆರೆದ ಹಾಗೆ. ಅಲ್ಲಿ ಚೆಂಡು ಕಸಿಯುವ ಕೆಲಸ ಇಲ್ಲ, ತಡಮಾಡಿಸುವ ಕೆಲಸ. ಸೊಂಟ ಅರ್ಧ ತಿರುಗಿರಬೇಕು, ಎಡಗಾಲು ಹಿಂದೆ, ಒಳಗಾಲು ಮುಂದೆ, ಎದುರಾಳಿಗೆ ಒಂದೂವರೆ ಮಾರು ದೂರ. ಎರಡೂ ಪಾದ ಒಂದೇ ಸಾಲಿಗೆ ಬಂದ ಕ್ಷಣ ಅವನು ಸೋತಂತೆ. ಎದುರಾಳಿಯನ್ನು ಗೆರೆಯ ಕಡೆ ತಳ್ಳುತ್ತ ಮೂರು ಸೆಕೆಂಡ್ ಗಳಿಸಿದರೆ ವಿಂಗ್ ಬ್ಯಾಕ್ ವಾಪಸ್ ಬಂದಿರುತ್ತಾನೆ.

ಈ ಜಾಗಕ್ಕೆ ಬಲಗಾಲಿನವನನ್ನು ಹಾಕಬೇಡಿ. ಚೆಂಡು ಸಿಕ್ಕಾಗಲೆಲ್ಲ ಒಳಕ್ಕೆ ತಿರುಗುತ್ತಾನೆ, ಪಾಸು ಒಂದು ಟಚ್ ತಡವಾಗುತ್ತದೆ, ಅಷ್ಟರಲ್ಲಿ ಎದುರಾಳಿ ಬಂದು ವಿಂಗ್ ಬ್ಯಾಕ್‌ಗೆ ಅಂಟಿ ನಿಂತಿರುತ್ತಾನೆ. ಟಿಯರ್ನಿಯ ಬೆಲೆ ಗೊತ್ತಾಗುವುದು ಇಲ್ಲೇ: ಎಡಗಾಲಿನಲ್ಲಿ ನೇರ ಮುಂದಕ್ಕೆ ಕೊಟ್ಟು, ರಾಬರ್ಟ್‌ಸನ್ ಅವರನ್ನು ದಾಟಿ ತಾವೇ ಓಡಬಲ್ಲರು. ಹಾಗೆ ಓಡಿದಾಗ ಎಡ ಮಿಡ್‌ಫೀಲ್ಡರ್ ಅವರ ಜಾಗಕ್ಕೆ ಇಳಿಯಲೇಬೇಕು. ನಮ್ಮಲ್ಲಿ ಇಳಿಯುವವನು ‘ನಿಂತೆ’ ಎಂದು ಕೂಗಬೇಕು. ಕೂಗು ಕೇಳದೆ ಯಾರೂ ಓಡುವ ಹಾಗಿಲ್ಲ.

ಇನ್ನೊಂದು ರೋಗ, ಐವರೂ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನೊಳಗೆ ಮುದುಡುವುದು. 2024ರ ಯೂರೋ (ಯುರೋಪಿನ ದೇಶಗಳ ಕಪ್) ಮೊದಲ ಪಂದ್ಯದಲ್ಲಿ ಜರ್ಮನಿಯ ಕ್ರೂಸ್ ಅಡ್ಡಕ್ಕೆ ಉದ್ದ ಪಾಸು ಕೊಟ್ಟರು, ಕಿಮ್ಮಿಚ್ ಅದನ್ನು ಬಾಕ್ಸಿನ ಅಂಚಿಗೆ ಹಿಂದಕ್ಕೆ ಕೊಟ್ಟರು, ವಿರ್ಟ್ಸ್ ಆರಾಮಾಗಿ ಹೊಡೆದರು. ಸ್ಕಾಟ್ಲೆಂಡ್ 5-1ರಿಂದ ಸೋತಿತು. ಆ ಗೋಲಿನ ತುಣುಕನ್ನು ನಾನು ಮಿಡ್‌ಫೀಲ್ಡರ್‌ಗಳಿಗೆ ತೋರಿಸುತ್ತೇನೆ, ಡಿಫೆಂಡರ್‌ಗಳಿಗಲ್ಲ. ಅಂಚು ಕಾಯುವುದು ಮಿಡ್‌ಫೀಲ್ಡರ್‌ಗಳ ಪಾಲು.

ಎಡಗಾಲಿನ ಇಬ್ಬರು ಸಿಗದಿದ್ದರೆ ನಾನು ನಾಲ್ವರ ಸಾಲಿಗೇ ಮರಳುತ್ತೇನೆ. ಕ್ಲಾರ್ಕ್ ಕೂಡ ಮೂವರ ಸಾಲಿಗೆ ಅಂಟಿಕೊಂಡಿಲ್ಲ. 2025ರ ನವೆಂಬರ್ 18ರಂದು ತವರು ಮೈದಾನ ಹ್ಯಾಂಪ್‌ಡನ್‌ನಲ್ಲಿ ಡೆನ್ಮಾರ್ಕನ್ನು 4-2ರಿಂದ ಸೋಲಿಸಿ 1998ರ ನಂತರ ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹರಾದಾಗ ಹಿಂದೆ ನಾಲ್ವರಿದ್ದರು. ಟಿಯರ್ನಿ ಬೆಂಚಿನಿಂದ ಬಂದು ಹೆಚ್ಚುವರಿ ನಿಮಿಷಗಳಲ್ಲಿ ಮೂರನೇ ಗೋಲು ಹೊಡೆದರು.