ಪುರೋಹಿತರಿಲ್ಲದ ಅಂತ್ಯವಿದಾಯ: ಸಿದ್ಧತೆ ಹೇಗೆ?

ಪುರೋಹಿತರಿಲ್ಲದೆ ನಡೆಯುವ ಮಂತ್ರಮಾಂಗಲ್ಯ ಮಲೆನಾಡಿಗೆ ಹೊಸದಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯವರ ಮದುವೆಯನ್ನು ಹಾಗೆಯೇ ನೆರವೇರಿಸಿದ್ದರು. ಆದರೆ ಸಾವಿನಲ್ಲೂ ಅಂಥದೇ ಸರಳತೆ ಬಯಸಿದವರ ಮಾತು ಎಷ್ಟೋ ಸಲ ನಡೆಯುವುದಿಲ್ಲ. ಶವ ಜಗಲಿಯಲ್ಲಿರುವಾಗ ನೆಂಟರೊಂದಿಗೆ ವಾದಿಸುವ ತ್ರಾಣ ಮನೆಯವರಿಗೆ ಇರುವುದಿಲ್ಲ.

ಆದ್ದರಿಂದ ಮೊದಲು ಬರೆದಿಡಬೇಕು. ಸುಡುವುದೋ, ಹೂಳುವುದೋ, ದೇಹದಾನವೋ, ಹನ್ನೊಂದನೆಯ ದಿನದ ಕರ್ಮ ಬೇಕೋ ಬೇಡವೋ, ಎಲ್ಲವನ್ನೂ ಯಾರು ಮುಂದೆ ನಿಂತು ನಡೆಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮನೆಯವರೆಲ್ಲರ ಎದುರು ಓದಿ ಹೇಳಬೇಕು. ಬೀರುವಿನಲ್ಲಿ ಬೀಗ ಹಾಕಿಟ್ಟ ಪತ್ರ ಎಲ್ಲ ಮುಗಿದ ಮೇಲೆ ಸಿಕ್ಕರೆ ಪ್ರಯೋಜನವಿಲ್ಲ.

ದೇಹದಾನ ಮಾಡುವವರು ವೈದ್ಯಕೀಯ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಮೊದಲೇ ಅರ್ಜಿ ತುಂಬಿರಬೇಕು. ಹಾಗಿದ್ದರೂ ದೇಹವನ್ನು ಒಪ್ಪಿಸುವವರು ಮನೆಯವರೇ ಆದ್ದರಿಂದ ಅವರ ಒಪ್ಪಿಗೆ ಮುಖ್ಯ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ನೇತ್ರದಾನವಾದರೆ ಸಾವಿನ ನಂತರ 6 ಗಂಟೆಗಳೊಳಗೆ ಕಣ್ಣುಗಳನ್ನು ತೆಗೆಯಬೇಕಾಗುತ್ತದೆ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ಆರಿಸಿರಬೇಕು. ಘಟ್ಟದ ಹಳ್ಳಿಗಳಿಗೆ ಮಳೆಗಾಲದಲ್ಲಿ ವಾಹನ ತಲುಪುವುದು ತಡವಾಗುವುದರಿಂದ ನೇತ್ರ ಬ್ಯಾಂಕಿಗೆ ಒಡನೆಯೇ ಫೋನ್ ಮಾಡುವುದು ಒಳ್ಳೆಯದು. ಸುಡುವುದಾದರೆ ಒಣ ಸೌದೆಯ ಚಿಂತೆಯೂ ಆಷಾಢದಲ್ಲಿ ಸಣ್ಣದಲ್ಲ.

ವಿದಾಯದ ಸಭೆಗೆ ಅರ್ಧ ಗಂಟೆ ಸಾಕು. ಹತ್ತಿರದ ಮೂವರೋ ನಾಲ್ವರೋ ತಲಾ ಐದು ನಿಮಿಷ ಮಾತನಾಡಲಿ; ಹೋದವರಿಗೆ ಇಷ್ಟವಾಗಿದ್ದ ಹಾಡೊಂದನ್ನು ಮನೆಯವರೇ ಹಾಡಲಿ; ಒಂದಿಷ್ಟು ಹೊತ್ತು ಮೌನವಿರಲಿ. ಹೊಗಳಿಕೆಗಿಂತ ಬದುಕಿನ ಒಂದು ವಿವರ ಹೆಚ್ಚು ನಾಟುತ್ತದೆ. ನನ್ನ ದೊಡ್ಡಪ್ಪನ ವಿದಾಯದಲ್ಲಿ ಫೋಟೊದ ಪಕ್ಕ ಅವರ ಮೆಟ್ಟುಗತ್ತಿಯನ್ನು ಇಟ್ಟಿದ್ದೆವು. ವರ್ಷಗಟ್ಟಲೆ ಅಡಕೆ ಸುಲಿಯುತ್ತ ಅವರು ಕಾಲೂರಿದ ಜಾಗದಲ್ಲಿ ಅದರ ಮಣೆ ಸವೆದು ತಗ್ಗಾಗಿತ್ತು. ಬಂದವರಲ್ಲಿ ಹಲವರು ಬಗ್ಗಿ ಆ ತಗ್ಗನ್ನು ಮುಟ್ಟಿ ಹೋದರು. ಅವರೊಂದಿಗೆ ಸುಲಿಯಲು ಕೂರುತ್ತಿದ್ದ ಹೆಂಗಸರು ಅಲ್ಲೇ ಕುಳಿತು ಹಳೆಯ ಸುಗ್ಗಿಗಳ ಮಾತು ತೆಗೆದರು.

ಮನೆಯ ಹಿರಿಯರೊಬ್ಬರು ದೀಪ ಹಚ್ಚಲೇಬೇಕು ಎಂದರೆ ತಡೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಅಜ್ಜಿ ತಲೆಯ ಬಳಿ ಹಣತೆಯೊಂದನ್ನು ತಂದಿಟ್ಟರು. ಪತ್ರದಲ್ಲಿ ಅದಿರಲಿಲ್ಲ, ಆದರೂ ಮಗನನ್ನು ಕಳೆದುಕೊಂಡ ತಾಯಿ ಅವರು.

ಮರಣವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ಆ ಕೆಲಸವನ್ನು ಯಾರು ಮಾಡಬೇಕು ಎಂಬುದನ್ನೂ ಅದೇ ಹಾಳೆಯ ಕೊನೆಯಲ್ಲಿ ಬರೆದಿಡಿ.