ದಮ್ಮಿನ ರೋಗಿ ಬಂದಾಗ ಹೃದಯದ ಹಾರ್ಮೋನನ್ನು ನಾನು ಬಳಸುವ ಬಗೆ

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಫಿಜಿಷಿಯನ್. ಚಳಿಗಾಲ ಬಂತೆಂದರೆ ನನ್ನೆದುರು ಕೂರುವ ವಯಸ್ಸಾದವರಲ್ಲಿ ಬಹುಪಾಲು ಜನರದು ಒಂದೇ ಮಾತು: ‘ದಮ್ಮು ಜಾಸ್ತಿಯಾಗಿದೆ.’ ವರ್ಷಗಟ್ಟಲೆ ಬೀಡಿ ಸೇದಿದವರು, ಕಟ್ಟಿಗೆ ಒಲೆಯ ಹೊಗೆ ಕುಡಿದವರು. ಜೊತೆಗೆ ಬಿಪಿ, ಸಕ್ಕರೆ ಕಾಯಿಲೆ. ತೊಂದರೆ ಶ್ವಾಸಕೋಶದ್ದೋ ಹೃದಯದ್ದೋ ಎಂದು ಸ್ಟೆತಸ್ಕೋಪ್ ಒಂದರಿಂದಲೇ ಹೇಳಲಾಗದು. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ನಿಂತಾಗಲೂ ಎದೆ ಸುಯ್‌ಗುಟ್ಟುತ್ತದೆ. ರಾತ್ರಿ ಹೊತ್ತಿನಲ್ಲಿ ನಮ್ಮೂರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡುವವರಿಲ್ಲ. ಆದರೆ ರಕ್ತ ತೆಗೆದು, ಹೃದಯದ ಹಾರ್ಮೋನೊಂದರ ಸುಳಿವು ಕೊಡುವ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆ ಮಾಡಿಸಬಹುದು.

ಈ ಪರೀಕ್ಷೆಯ ಹಿಂದಿನ ಕಥೆ ನನಗೆ ಬಹಳ ಪ್ರಿಯ. ಹೃದಯದ ಮೇಲ್ಕೋಣೆಗಳಾದ ಹೃತ್ಕರ್ಣಗಳ ಜೀವಕೋಶಗಳಲ್ಲಿ ಸಣ್ಣ ಕಣಗಳಿರುವುದು 1950ರ ದಶಕದಿಂದಲೇ ಗೊತ್ತಿತ್ತು. ಅವು ಏಕಿವೆ ಎಂಬುದು ತಿಳಿದಿರಲಿಲ್ಲ. 1981ರಲ್ಲಿ ಕೆನಡಾದ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣವನ್ನು ಅರೆದು ತೆಗೆದ ಸಾರವನ್ನು ಬೇರೆ ಇಲಿಗಳ ರಕ್ತನಾಳಕ್ಕೆ ಚುಚ್ಚಿದರು. ಮೂತ್ರದಲ್ಲಿ ಹೋಗುವ ಸೋಡಿಯಂ ಮೂವತ್ತು ಪಟ್ಟು ಮೀರಿತು, ಮೂತ್ರ ಹತ್ತು ಪಟ್ಟಾಯಿತು, ರಕ್ತದೊತ್ತಡ ಇಳಿಯಿತು. ರಕ್ತವನ್ನು ದೂಡುವುದಷ್ಟೇ ಹೃದಯದ ಕೆಲಸ ಎಂದುಕೊಂಡಿದ್ದ ವೈದ್ಯಲೋಕಕ್ಕೆ ಅದು ಹಾರ್ಮೋನು ಸುರಿಸುವ ಗ್ರಂಥಿಯೂ ಹೌದು ಎಂದು ಗೊತ್ತಾದದ್ದು ಹಾಗೆ. ಆ ಹಾರ್ಮೋನು ಎಎನ್‌ಪಿ. ಅದರ ತಮ್ಮನಾದ ಬಿಎನ್‌ಪಿ 1988ರಲ್ಲಿ ಜಪಾನಿನಲ್ಲಿ ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ. ಆದರೆ ನಮ್ಮ ರಕ್ತಕ್ಕೆ ಅದು ಬರುವುದು ಮುಖ್ಯವಾಗಿ ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳಿಂದ.

ರಕ್ತದ ಪ್ರಮಾಣ ಹೆಚ್ಚಿ ಹೃದಯದ ಗೋಡೆ ಹಿಗ್ಗಿದಾಗ ಈ ಹಾರ್ಮೋನುಗಳು ಹೊರಬೀಳುತ್ತವೆ. ಮೂತ್ರಪಿಂಡಕ್ಕೆ ಉಪ್ಪು, ನೀರು ಬಿಡಲು ಹೇಳುತ್ತವೆ, ರಕ್ತನಾಳಗಳನ್ನು ಸಡಿಲಿಸುತ್ತವೆ, ಉಪ್ಪನ್ನು ಹಿಡಿದಿಡುವ ರೆನಿನ್ ಮತ್ತು ಆಲ್ಡೋಸ್ಟೀರೋನನ್ನು ತಗ್ಗಿಸುತ್ತವೆ. ಬಿಎನ್‌ಪಿ ತಯಾರಾಗುವಾಗ ಕತ್ತರಿಸಿ ಬೀಳುವ, ತಾನಾಗಿ ಏನೂ ಮಾಡದ ತುಂಡೇ ನಾವು ಅಳೆಯುವ ಎನ್‌ಟಿ-ಪ್ರೊಬಿಎನ್‌ಪಿ. ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಳೆಯಲು ಅನುಕೂಲ.

ದಿಢೀರನೆ ಉಸಿರು ಕಟ್ಟಿ ಬಂದವರಲ್ಲಿ ಇದು ಮಿಲಿಲೀಟರ್ ರಕ್ತಕ್ಕೆ 300 ಪಿಕೊಗ್ರಾಂಗಿಂತ ಕಡಿಮೆ ಇದ್ದರೆ ಹೃದಯ ವೈಫಲ್ಯದ ಸಾಧ್ಯತೆ ತೀರಾ ಕಡಿಮೆ. ನಾನು ಶ್ವಾಸಕೋಶದ ಕಡೆ ಹೊರಳುತ್ತೇನೆ. ಹೃದಯ ವೈಫಲ್ಯ ಹೌದು ಎನ್ನಲು ವಯಸ್ಸನ್ನೂ ನೋಡಬೇಕು: ಐವತ್ತರೊಳಗಿನವರಿಗೆ 450, ಎಪ್ಪತ್ತೈದರವರೆಗೆ 900, ಅದರಾಚೆ 1,800 ದಾಟಿರಬೇಕು. ಮೂತ್ರಪಿಂಡ ಸೋತವರಲ್ಲಿ, ನಾಡಿ ತಾಳ ತಪ್ಪಿದವರಲ್ಲಿ ಅಂಕಿ ಏರಿಯೇ ಇರುತ್ತದೆ. ದಪ್ಪಗಿರುವವರಲ್ಲಾದರೋ ಹೃದಯ ಸೋತಿದ್ದರೂ ಅಂಕಿ ಕಡಿಮೆಯೇ ಇರಬಹುದು. ತೂಕದ ಮೈಯ ಒಬ್ಬ ಗೃಹಿಣಿಯ ವರದಿ ಮೇಲ್ನೋಟಕ್ಕೆ ಗಾಬರಿಪಡುವಂತಿರಲಿಲ್ಲ. ಆದರೆ ಕತ್ತಿನ ರಕ್ತನಾಳ ಉಬ್ಬಿತ್ತು, ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು, ಮಲಗಲು ಮೂರು ದಿಂಬು ಬೇಕಿತ್ತು. ನಾನು ಮೈಯನ್ನು ನಂಬಿ, ಮೂತ್ರ ಹೆಚ್ಚಿಸಿ ನೀರು ತೆಗೆಯುವ ಫ್ಯೂರೋಸೆಮೈಡ್ ಕೊಟ್ಟೆ. ಆಮೇಲೆ ಮಾಡಿಸಿದ ಎಕೋದಲ್ಲಿ ಹೃದಯ ಪೆಡಸಾಗಿದ್ದು ಕಂಡಿತು. ವರದಿಯ ಹಾಳೆ ಕೈಗೆ ಬರುವ ಮೊದಲೇ ರೋಗಿಯ ಕತ್ತು, ಕಾಲು ನೋಡಿರಬೇಕೆಂದು ನನ್ನ ಕಿರಿಯರಿಗೆ ಪಟ್ಟುಹಿಡಿದು ಹೇಳುತ್ತೇನೆ.

‘ಈ ಹಾರ್ಮೋನು ನೀರು ತೆಗೆಯುತ್ತದೆ ಅನ್ನುತ್ತೀರಿ. ಅದು ಜಾಸ್ತಿ ಇದ್ದರೆ ಅಪ್ಪನಿಗೆ ಒಳ್ಳೆಯದೇ ಅಲ್ಲವೇ ಡಾಕ್ಟರೇ?’ ಎಂದು ರೋಗಿಯೊಬ್ಬರ ಮಗ ಕೇಳಿದ್ದರು. ಎಷ್ಟು ಒಳ್ಳೆಯ ಪ್ರಶ್ನೆ! ಕೋಡಿ ಭೋರ್ಗರೆಯುತ್ತಿದ್ದರೆ ಕೆರೆ ತುಂಬಿ ಏರಿಯ ಮೇಲೆ ಒತ್ತಡ ಬಿದ್ದಿದೆ ಎಂದು ತಾನೇ ಅರ್ಥ ಎಂದೆ. ರೈತರಾದ ಅವರಿಗೆ ಕೂಡಲೇ ಹಿಡಿಯಿತು. ಇಷ್ಟು ಹಾರ್ಮೋನಿದ್ದೂ ನೀರು ನಿಲ್ಲುವುದೇಕೆ? ಹೃದಯ ಸೋತಾಗ ಹಾರ್ಮೋನಿನ ಬಹುಭಾಗ ಪಕ್ವವಾಗದ ರೂಪದಲ್ಲೇ ಹೊರಬರುತ್ತದೆ. ಅದರ ಕಸುವು ಕಡಿಮೆ. ಪಕ್ವವಾದದ್ದನ್ನು ನೆಪ್ರಿಲೈಸಿನ್ ಎಂಬ ಕಿಣ್ವ ಒಡೆಯುತ್ತದೆ. ಎದುರು ಬಣದ ಆಂಜಿಯೊಟೆನ್ಸಿನ್, ಆಲ್ಡೋಸ್ಟೀರೋನ್ ಉಪ್ಪನ್ನು ಬಿಗಿಹಿಡಿಯುತ್ತಲೇ ಇರುತ್ತವೆ.

ಆ ಕಿಣ್ವವನ್ನು ತಡೆಯುವ ಸಕ್ಯುಬಿಟ್ರಿಲ್, ಆಂಜಿಯೊಟೆನ್ಸಿನ್ನನ್ನು ತಡೆಯುವ ವಾಲ್ಸಾರ್ಟನ್ ಎರಡೂ ಸೇರಿದ ಮಾತ್ರೆ ಈಗ ನನ್ನ ಮುಖ್ಯ ಆಸರೆ. ಹೃದಯದ ಸಂಕೋಚನ ಶಕ್ತಿ ಕುಂದಿದ 8,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಔಷಧಿಯಾದ ಎನಲಾಪ್ರಿಲ್‌ಗೆ ಹೋಲಿಸಿದರೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾಗುವ ಸಾವಿನ ಅಪಾಯ ಶೇ. 20ರಷ್ಟು ಇಳಿದಿತ್ತು. ಭಾರತದಲ್ಲಿ ಹಲವು ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆಯೂ ಇಳಿದಿದೆ. ಎನಲಾಪ್ರಿಲ್ ಅಥವಾ ಅದೇ ಗುಂಪಿನ ರಾಮಿಪ್ರಿಲ್ ನುಂಗುತ್ತಿದ್ದವರಿಗೆ ಅದನ್ನು ನಿಲ್ಲಿಸಿ 36 ಗಂಟೆ ಕಳೆದ ಮೇಲೆಯೇ ಇದನ್ನು ಶುರುಮಾಡುತ್ತೇನೆ. ಇಲ್ಲದಿದ್ದರೆ ಗಂಟಲು, ನಾಲಗೆ ಊದಿಕೊಳ್ಳುವ ಅಪಾಯವಿದೆ. ಈ ಮಾತ್ರೆಯಿಂದ ಬಿಎನ್‌ಪಿ ಏರಬಹುದಾದ್ದರಿಂದ ಮುಂದಿನ ಪರೀಕ್ಷೆಗೂ ಎನ್‌ಟಿ-ಪ್ರೊಬಿಎನ್‌ಪಿಯನ್ನೇ ಬರೆಯುತ್ತೇನೆ.

ಇಷ್ಟಾದರೂ ಉಪ್ಪಿನ ಮಾತು ಬಿಡುವಂತಿಲ್ಲ. ‘ಉಪ್ಪು ಕಮ್ಮಿ ಮಾಡಿ’ ಎಂದರೆ ಸಾರಿಗೆ ಕಡಿಮೆ ಹಾಕುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ತಟ್ಟೆಯಲ್ಲೇ ಇರುತ್ತವೆ. ಹಾಗಾಗಿ ಅಡುಗೆ ಮಾಡುವವರನ್ನೇ ಕರೆಸಿ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತೇನೆ. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪು ನನ್ನನ್ನು ಕೇಳದೆ ಬೇಡ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಈ ಮಾತ್ರೆಗಳ ಜೊತೆ ಅದು ಅಪಾಯಕಾರಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಬೇಕು. ಮೂರು ದಿನದಲ್ಲಿ ಎರಡು ಕಿಲೊ ಏರಿದರೆ ದಮ್ಮು ಬರುವವರೆಗೂ ಕಾಯದೆ, ಅಂದೇ ಫೋನ್ ಮಾಡಬೇಕು.