ಹೊಂಗೆ ನೆಡೋದಾ, ನಿಂಬೆ ನೆಡೋದಾ?

ಮೊದಲು ಜಾಗ ಅಳೆಯಿರಿ. 30×40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರ್ನಾಲ್ಕು ಅಡಿ ಸಂದಿಗೆ ಹೊಂಗೆ ಬೇಡವೇ ಬೇಡ, ಅದು 15 ಮೀಟರ್‌ವರೆಗೂ ಬೆಳೆಯುವ ಮರ, ಬೇರೂ ದೂರ ಹರಡುತ್ತದೆ. ಪಶ್ಚಿಮದ ಕಡೆ ಅಗಲ ಜಾಗ ಇದ್ದರೆ ಹೊಂಗೆಯೇ ಸರಿ. ಬೇಸಿಗೆ ಶುರುವಾಗುವಾಗ ಎಲೆ ಉದುರಿಸಿದರೂ ಬಿಸಿಲು ಏರುವಷ್ಟರಲ್ಲಿ ಹೊಸ ಎಲೆ ತುಂಬಿಕೊಂಡು, ಸಂಜೆ ಬಿಸಿಲು ಗೋಡೆಗೆ ಬಡಿಯದ ಹಾಗೆ ನೋಡಿಕೊಳ್ಳುತ್ತದೆ. ಉದುರಿದ ಹೂವು ಗುಡಿಸೋ ಕೆಲಸ ಇದ್ದೇ ಇದೆ ಬಿಡಿ, ಅದೂ ಗೊಬ್ಬರವೇ ಅಲ್ವಾ?

ನಿಂಬೆಗೆ ಜಾಗ ಕಡಿಮೆ ಸಾಕು, ಆದರೆ ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು. ಹೊಂಗೆ ನೆರಳಲ್ಲಿ ನೆಟ್ಟರೆ ಸುಮ್ನೆ ಎಲೆ ನೋಡಿಕೊಂಡು ಕೂರಬೇಕಾಗುತ್ತದೆ. ಬೀಜದ ಸಸಿ ಕಾಯಿ ಬಿಡೋಕೆ ವರ್ಷಗಟ್ಟಲೆ ಕಾಯಿಸುತ್ತದೆ, ಕಸಿ ಗಿಡವನ್ನೇ ತನ್ನಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಪಾತಿಯನ್ನು ಕಾಂಡದಿಂದ ದೂರಕ್ಕೆ ಮಾಡಿ. ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆ ಥರದ್ದೇನಾದರೂ ಕಂಡರೆ ಕಡ್ಡಿಯಿಂದ ಮುಟ್ಟಿ ನೋಡಿ: ತಲೆ ಹಿಂದಿನಿಂದ ಕೆಂಪು ಕೊಂಬು ಚಾಚಿ ನಾತ ಬಿಟ್ಟರೆ ಅದು ನಿಂಬೆ ಚಿಟ್ಟೆಯ ಹುಳ. ದೊಡ್ಡ ಗಿಡಕ್ಕೆ ಅದರಿಂದ ಏನೂ ಆಗಲ್ಲ, ಎಳೆ ಸಸಿಯಾದರೆ ಆರಿಸಿ ತೆಗೆಯಿರಿ.